ತುಟಿ ಮುಚ್ಚಿದ ಮೇಲೂ ಹಾಡು ಕೇಳುವುದೇಕೆ? ದೃಶ್ಯಕ್ಕೆ ಧ್ವನಿ ಕೂಡಿಸುವುದರ ಹಿಂದಿನ ವಿಜ್ಞಾನ

ಮೊಬೈಲ್‌ನಲ್ಲಿ ವಿಡಿಯೊ ಮಾಡುವುದು ಈಗ ಎಲ್ಲರಿಗೂ ಗೊತ್ತು. ಮದುವೆ, ಶಾಲೆಯ ನಾಟಕ, ತಾಳಮದ್ದಲೆ, ಅಡುಗೆ ಚಾನೆಲ್, ಮನೆಯ ಹಿರಿಯರ ಮಾತು, ಹೀಗೆ ಯಾವುದನ್ನು ಚಿತ್ರೀಕರಿಸಿದರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಕೈಕೊಡುವುದು ಧ್ವನಿ. ಫ್ಯಾನಿನ ಸದ್ದು, ರಸ್ತೆಯ ಹಾರ್ನ್, ಕೋಣೆಯ ಗುಂಯ್‌ಗುಡುವಿಕೆ ಎಲ್ಲ ಸೇರಿ ಮಾತೇ ಮಸುಕಾಗಿರುತ್ತದೆ. ಹಾಗಾಗಿ ತುಸು ಕಾಳಜಿ ಇರುವವರು ಧ್ವನಿಗೆ ಬೇರೆಯೇ ರೆಕಾರ್ಡರ್ ಇಟ್ಟು, ಆಮೇಲೆ ಎಡಿಟಿಂಗ್ ತಂತ್ರಾಂಶದಲ್ಲಿ ಎರಡನ್ನೂ ಕೂಡಿಸುತ್ತಾರೆ. ಇದಕ್ಕೆ ‘ಸಿಂಕ್’ ಮಾಡುವುದು ಎನ್ನುತ್ತಾರೆ.

ಒಂದು ಚಪ್ಪಾಳೆ ಹೊಡೆದು, ಅದರ ಸದ್ದನ್ನು ಚಿತ್ರದಲ್ಲಿನ ಚಪ್ಪಾಳೆಗೆ ಹೊಂದಿಸಿದರೆ ಕೆಲಸ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮ ದೊಡ್ಡಮ್ಮನಿಗೆ ಬೀಸುವ ಪದ, ಸೋಬಾನೆ ಪದಗಳು ಬಾಯಿಗೆ ಬರುತ್ತಿದ್ದವು. ಒಂದು ದಿನ ಜಗಲಿಯಲ್ಲಿ ಕೂರಿಸಿ 70 ನಿಮಿಷ ಹಾಡಿಸಿದೆ. ಚಿತ್ರಕ್ಕೆ ಮೊಬೈಲ್, ಧ್ವನಿಗೆ ಹತ್ತಿರದಲ್ಲೊಂದು ಪುಟ್ಟ ರೆಕಾರ್ಡರ್. ಶುರುವಿನಲ್ಲಿ ನಾನು ಚಪ್ಪಾಳೆ ಹೊಡೆದಾಗ “ಇನ್ನೂ ಹಾಡೇ ಇಲ್ಲ, ಆಗಲೇ ಚಪ್ಪಾಳೆ ಯಾಕಪ್ಪಾ?” ಎಂದು ನಕ್ಕಿದ್ದರು. ಕಂಪ್ಯೂಟರಿನಲ್ಲಿ ಕೂಡಿಸಿದಾಗ ಮೊದಲ ಹಾಡು ಸರಿಯಾಗಿ ಕೂತಿತು. ಕೊನೆಯ ಹಾಡಿನ ಹೊತ್ತಿಗೆ ಅವರ ತುಟಿ ಮುಚ್ಚಿದ ಮೇಲೂ ಧ್ವನಿ ಕೇಳುತ್ತಿತ್ತು. ಹೆಚ್ಚೇನಲ್ಲ, ಸೆಕೆಂಡಿನ ಮೂರನೇ ಒಂದು ಭಾಗ. ಆದರೆ ಯಾರೋ ಬೇರೆಯವರು ಹಾಡಿ ಇವರು ತುಟಿ ಆಡಿಸಿದಂತೆ ಕಾಣುತ್ತಿತ್ತು. ಮತ್ತೆ ಚಿತ್ರೀಕರಿಸೋಣ ಎಂದರೆ ಆ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಿದ್ದರು.

ಎರಡೂ ಯಂತ್ರ ಸರಿಯಾಗಿದ್ದವು, ನಾನೂ ಚಪ್ಪಾಳೆ ಹೊಡೆದಿದ್ದೆ. ಹಾಗಿದ್ದರೆ ತಪ್ಪು ಎಲ್ಲಿ ನುಸುಳಿತು? ಉತ್ತರಕ್ಕೆ ನಮ್ಮ ಮಿದುಳು, ಸದ್ದಿನ ವೇಗ, ಗಡಿಯಾರದ ಹರಳು ಮೂರನ್ನೂ ಸ್ವಲ್ಪ ತಿಳಿಯಬೇಕು.

ಎಷ್ಟು ವ್ಯತ್ಯಾಸವಾದರೆ ನಮಗೆ ಗೊತ್ತಾಗುತ್ತದೆ?

ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಾ? ಬಟ್ಟೆ ಬಂಡೆಗೆ ಬಡಿಯುವುದು ಮೊದಲು ಕಾಣುತ್ತದೆ, ‘ಧಪ್’ ಎಂಬ ಸದ್ದು ಆಮೇಲೆ ಬರುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡಿದರೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಸಾಗುತ್ತದೆ. ಅಂದರೆ 34 ಸೆಂಟಿಮೀಟರ್ ದಾಟಲು 1 ಮಿಲಿಸೆಕೆಂಡ್ ಬೇಕು, 10 ಮೀಟರಿಗೆ 29 ಮಿಲಿಸೆಕೆಂಡ್.

ಪ್ರಕೃತಿಯಲ್ಲಿ ಸದ್ದು ಯಾವಾಗಲೂ ನೋಟದ ಹಿಂದೆಯೇ ಬರುತ್ತದೆ. ಮಿಂಚಿನ ಮೊದಲು ಗುಡುಗನ್ನು ಯಾರೂ ಕೇಳಿಲ್ಲ. ನಮ್ಮ ಮಿದುಳು ಇದಕ್ಕೆ ಒಗ್ಗಿಕೊಂಡಿದೆ. ಹಾಗಾಗಿ ಧ್ವನಿ ಸ್ವಲ್ಪ ತಡವಾದರೆ ಸಹಿಸಿಕೊಳ್ಳುತ್ತದೆ, ಮುಂಚಿತವಾದರೆ ಬೇಗ ಮುಜುಗರಪಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಟಿವಿ ಪ್ರಸಾರಕ್ಕಾಗಿ ಹೊರಡಿಸಿದ ಶಿಫಾರಸಿನಲ್ಲೂ ಈ ಪಕ್ಷಪಾತ ಕಾಣುತ್ತದೆ. ಧ್ವನಿ ಸುಮಾರು 45 ಮಿಲಿಸೆಕೆಂಡ್ ಮುಂದೆ ಓಡಿದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ. ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡ್‌ವರೆಗೆ ಗೊತ್ತಾಗುವುದಿಲ್ಲ. ಒಪ್ಪಿಕೊಳ್ಳಬಹುದಾದ ಕೊನೆಯ ಮಿತಿ ಎಂದರೆ 90 ಮಿಲಿಸೆಕೆಂಡ್ ಮುಂದೆ, 185 ಮಿಲಿಸೆಕೆಂಡ್ ಹಿಂದೆ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅಂದರೆ ಧ್ವನಿ ಒಂದೇ ಒಂದು ಫ್ರೇಮಿನಷ್ಟು ಮುಂದೆ ಹೋದರೂ ಅಂಚಿಗೆ ಬಂದಂತೆ. ದೊಡ್ಡಮ್ಮನ ವಿಡಿಯೊದಲ್ಲಿ ಕೊನೆಗೆ ಉಳಿದಿದ್ದ 350 ಮಿಲಿಸೆಕೆಂಡ್ ಈ ಮಿತಿಯ ಹೆಚ್ಚುಕಡಿಮೆ ಎರಡರಷ್ಟು.

“ಅಷ್ಟು ಸೂಕ್ಷ್ಮ ಯಾರು ನೋಡುತ್ತಾರೆ?” ಎನ್ನಬಹುದು. ಆದರೆ ನಾವು ಮಾತನ್ನು ಕಿವಿಯಿಂದ ಮಾತ್ರ ಕೇಳುವುದಿಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ವಿಚಿತ್ರ ಪ್ರಯೋಗದ ವರದಿ ಪ್ರಕಟಿಸಿದರು. ‘ಗ’ ಎನ್ನುತ್ತಿರುವ ತುಟಿಗಳ ಚಿತ್ರಕ್ಕೆ ‘ಬ’ ಎಂಬ ಧ್ವನಿ ಕೂಡಿಸಿ ತೋರಿಸಿದರೆ, ಬಹಳಷ್ಟು ಜನರಿಗೆ ಅವೆರಡೂ ಅಲ್ಲದ ‘ಡ’ ಕೇಳಿಸಿತು. ಕಣ್ಣು ಮುಚ್ಚಿಕೊಂಡರೆ ಮತ್ತೆ ‘ಬ’! ಕಿವಿ ತಂದದ್ದನ್ನೂ ಕಣ್ಣು ತಂದದ್ದನ್ನೂ ಕಲಸಿ ಮಿದುಳು ತನ್ನದೇ ಒಂದು ಅಕ್ಷರ ಮಾಡಿಕೊಂಡಿತ್ತು. ಕಿವಿ ಮಂದವಾಗಿರುವ ಹಿರಿಯರಂತೂ ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತಾರೆ. ತುಟಿ ಒಂದು, ಧ್ವನಿ ಒಂದು ಆದರೆ ಅವರಿಗೆ ಆ ವಿಡಿಯೊ ಅರ್ಥವಾಗುವುದೇ ಕಷ್ಟ.

ಇನ್ನೊಂದು ಅಪಾಯವಿದೆ. 1993ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೈರನ್ ರೀವ್ಸ್ ಮತ್ತು ಡೇವಿಡ್ ವೋಲ್ಕರ್ ಧ್ವನಿ ಹೊಂದದ ವಿಡಿಯೊಗಳನ್ನು ಜನರಿಗೆ ತೋರಿಸಿ ನೋಡಿದರು. ಹೊಂದಿಕೆ ತಪ್ಪಿದಾಗ ನೋಡುಗರು ಮಾತಾಡುವವರ ಬಗ್ಗೆ ಕಡಿಮೆ ಒಳ್ಳೆಯ ಅಭಿಪ್ರಾಯ ಹೇಳಿದರು. ತಾಂತ್ರಿಕ ದೋಷವನ್ನು ನಾವು ಅರಿವಿಲ್ಲದೆ ಮನುಷ್ಯನ ಲೆಕ್ಕಕ್ಕೆ ಬರೆಯುತ್ತೇವೆ.

ಚಪ್ಪಾಳೆಯ ಗುಟ್ಟು

ಸಿನಿಮಾ ಸೆಟ್ಟಿನಲ್ಲಿ ಕ್ಲಾಪ್ ಬೋರ್ಡ್ ಹೊಡೆಯುವುದನ್ನು ನೋಡಿರುತ್ತೀರಿ. ಅದು ಶೂಟಿಂಗ್ ಶುರುವಾಯಿತು ಎಂದು ಸಾರುವ ಶಾಸ್ತ್ರ ಎಂದುಕೊಂಡವರು ಅನೇಕರು. ನಿಜಕ್ಕೂ ಅದು ಮೂರು ಕೆಲಸ ಮಾಡುತ್ತದೆ. ಹಲಗೆಯ ಮೇಲಿನ ಬರಹ ಚಿತ್ರಕ್ಕೆ ಗುರುತಿನ ಚೀಟಿ. ಕ್ಲಾಪ್ ಹುಡುಗ ಕೂಗಿ ಹೇಳುವ ಸೀನ್, ಟೇಕ್ ಸಂಖ್ಯೆ ಧ್ವನಿಗೆ ಗುರುತಿನ ಚೀಟಿ. ಎರಡು ಪಟ್ಟಿ ಬಡಿಯುವ ‘ಟಪ್’ ಎಂಬುದು ಎರಡನ್ನೂ ಕಟ್ಟುವ ಗಂಟು. ಪಟ್ಟಿಗಳು ಮೊದಲು ಕೂಡಿದ ಫ್ರೇಮ್ ಚಿತ್ರದಲ್ಲಿ ಕಾಣುತ್ತದೆ. ಧ್ವನಿಯ ಅಲೆಯ ಚಿತ್ರದಲ್ಲಿ ಅದೇ ಕ್ಷಣ ಸೂಜಿಯಂತೆ ಎದ್ದು ನಿಲ್ಲುತ್ತದೆ. ಸೂಜಿಯನ್ನು ಆ ಫ್ರೇಮಿನ ಕೆಳಗೆ ಇಟ್ಟರೆ ಸಿಂಕ್.

ಕ್ಲಾಪ್ ಹೊಡೆಯಲು ಮರೆತರೆ? ನಮ್ಮ ವರ್ಣಮಾಲೆಯೇ ಒಂದು ದಾರಿ ಕೊಟ್ಟಿದೆ. ಪ, ಫ, ಬ, ಭ, ಮ ಎಂಬ ‘ಪ’ವರ್ಗದ ಅಕ್ಷರಗಳನ್ನು ಎರಡೂ ತುಟಿ ಕೂಡಿಸದೆ ಹೇಳಲಾಗುವುದಿಲ್ಲ. ‘ಅಪ್ಪ’, ‘ಹಬ್ಬ’ ಎನ್ನುವಾಗ ತುಟಿ ಮುಚ್ಚಿದಷ್ಟು ಹೊತ್ತು ಧ್ವನಿ ಕುಗ್ಗಿ, ತೆರೆದ ಕ್ಷಣ ಚಿಮ್ಮುತ್ತದೆ. ಇಂಥ ಒಂದೆರಡು ಪದಗಳನ್ನು ಹುಡುಕಿ, ತುಟಿ ತೆರೆಯುವ ಫ್ರೇಮಿಗೆ ಧ್ವನಿ ಚಿಮ್ಮುವ ಜಾಗವನ್ನು ಹೊಂದಿಸಿದರೆ ಕ್ಲಾಪಿನ ಹತ್ತಿರಹತ್ತಿರ ಕೆಲಸವಾಗುತ್ತದೆ. ‘ಕ’, ‘ಗ’, ‘ಹ’ದಂಥ ಅಕ್ಷರಗಳನ್ನು ನಂಬಬೇಡಿ. ಅವು ಬಾಯಿಯ ಒಳಗೆ ಹುಟ್ಟುವುದರಿಂದ ಹೊರಗೆ ಗುರುತು ಸಿಗುವುದಿಲ್ಲ.

ನೂರು ವರ್ಷ ಕಾದ ಪಿಟೀಲು

ಈ ತೊಂದರೆ ಸಿನಿಮಾದಷ್ಟೇ ಹಳೆಯದು. 1894-95ರ ಸುಮಾರಿಗೆ ಅಮೆರಿಕದ ಎಡಿಸನ್ ಸ್ಟುಡಿಯೊದಲ್ಲಿ ವಿಲಿಯಂ ಡಿಕ್ಸನ್ ಒಂದು ದೊಡ್ಡ ಕಹಳೆಯಂಥ ಕೊಳವೆಯ ಮುಂದೆ ನಿಂತು ಪಿಟೀಲು ನುಡಿಸಿದ. ಪಕ್ಕದಲ್ಲಿ ಇಬ್ಬರು ಕುಣಿದರು. ಚಿತ್ರ ಫಿಲ್ಮಿನ ಮೇಲೆ ಬಂತು, ಧ್ವನಿ ಮೇಣದ ಸಿಲಿಂಡರಿನ ಮೇಲೆ ಬಂತು. ಎರಡೂ ಬೇರೆಬೇರೆಯಾಗಿ ಉಳಿದವು. ಸಿಲಿಂಡರ್ ಒಡೆದ ಸ್ಥಿತಿಯಲ್ಲಿ ಸಿಕ್ಕಿತು. ಅದನ್ನು ಸರಿಪಡಿಸಿ ಧ್ವನಿ ತೆಗೆದ ಮೇಲೆ, 2000ದಲ್ಲಿ ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್ ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸಿದರು. 17 ಸೆಕೆಂಡಿನ ಆ ತುಣುಕಿಗೆ ತನ್ನ ಧ್ವನಿ ಸಿಗಲು ನೂರು ವರ್ಷ ಬೇಕಾಯಿತು.

1927ರ ‘ದ ಜಾಜ್ ಸಿಂಗರ್’ ಕಾಲದಲ್ಲಿ ಧ್ವನಿ ದೊಡ್ಡ ಗ್ರಾಮಫೋನ್ ತಟ್ಟೆಯಲ್ಲಿರುತ್ತಿತ್ತು. ಪ್ರೊಜೆಕ್ಟರಿಗೂ ತಟ್ಟೆಗೂ ಒಂದೇ ಮೋಟಾರಿನ ನಂಟು. ಮುಳ್ಳು ಒಂದು ಗೆರೆ ಹಾರಿದರೆ ನಾಯಕಿಯ ಬಾಯಲ್ಲಿ ನಾಯಕನ ಮಾತು! ಆಮೇಲೆ ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಮುದ್ರಿಸುವ ಪದ್ಧತಿ ಬಂದು ಪ್ರದರ್ಶನದ ತೊಂದರೆ ನೀಗಿತು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ತೆಗೆಯುವಾಗ ಮಾತು, ಹಾಡು ಎಲ್ಲವನ್ನೂ ಚಿತ್ರೀಕರಣದ ಜಾಗದಲ್ಲೇ ಹಿಡಿಯಬೇಕಿತ್ತು. ಮುಂದೆ ನಮ್ಮಲ್ಲಿ ಸದ್ದು ಮಾಡುವ ಕ್ಯಾಮೆರಾ, ಗದ್ದಲದ ಹೊರಾಂಗಣಗಳ ಕಾರಣಕ್ಕೆ ಡಬ್ಬಿಂಗ್ ಪದ್ಧತಿ ಗಟ್ಟಿಯಾಗಿ ಬೇರೂರಿತು. ತೆರೆಯ ಮೇಲಿನ ತನ್ನ ತುಟಿಯನ್ನೇ ನೋಡುತ್ತಾ ನಟ ಸ್ಟುಡಿಯೊದಲ್ಲಿ ಮತ್ತೆ ಮಾತಾಡುವುದು ಎಂದರೆ ಮನುಷ್ಯನೇ ಸಿಂಕ್ ಯಂತ್ರವಾದಂತೆ. 2001ರ ‘ಲಗಾನ್’ನಂಥ ಚಿತ್ರಗಳು ಸ್ಥಳದಲ್ಲೇ ಧ್ವನಿ ಹಿಡಿದಾಗ ಅದು ಸುದ್ದಿಯಾದದ್ದು ಇದಕ್ಕೇ.

ನಡುವೆ ಇನ್ನೊಂದು ದೊಡ್ಡ ಹೆಜ್ಜೆ ಇದೆ. ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್‌ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ 1951ರಲ್ಲಿ ‘ನಾಗ್ರಾ’ ಎಂಬ ಹೊತ್ತು ತಿರುಗಬಹುದಾದ ಟೇಪ್ ರೆಕಾರ್ಡರ್ ತಂದರು. ಮೊದಮೊದಲು ಕ್ಯಾಮೆರಾಕ್ಕೂ ಇಂಥ ರೆಕಾರ್ಡರಿಗೂ ನಡುವೆ ತಂತಿ ಎಳೆದು ವೇಗ ಹೊಂದಿಸುತ್ತಿದ್ದರು. ಆಮೇಲೆ ಎರಡರೊಳಗೂ ಒಂದೊಂದು ಸ್ಫಟಿಕದ ಹರಳು ಕೂರಿಸಿದರು. ತಂತಿ ಹೋಯಿತು. ನಮ್ಮ ಕಥೆಯ ಖಳನಾಯಕ ಅಡಗಿರುವುದು ಈ ಹರಳಿನಲ್ಲೇ. ಅಲ್ಲಿಗೆ ಹೋಗುವ ಮೊದಲು ತಂತ್ರಾಂಶದ ಕೆಲಸ ನೋಡೋಣ.

ತಂತ್ರಾಂಶ ತಾನಾಗಿ ಹೇಗೆ ಹೊಂದಿಸುತ್ತದೆ?

ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್, ಫೈನಲ್ ಕಟ್ ಪ್ರೊ, ಉಚಿತವಾಗಿ ಸಿಗುವ ಕೆಡೆನ್‌ಲೈವ್ ಮುಂತಾದವುಗಳಲ್ಲಿ ಧ್ವನಿಯ ಅಲೆ ನೋಡಿ ತಾನೇ ಸಿಂಕ್ ಮಾಡುವ ಸೌಲಭ್ಯವಿದೆ. ಇದಕ್ಕೆ ಮೊಬೈಲಿನ ಮೈಕ್ ಹಿಡಿದ ಕಳಪೆ ಧ್ವನಿಯೂ ಬೇಕು. ಆ ಕಳಪೆ ಧ್ವನಿ ಚಿತ್ರಕ್ಕೆ ಅಂಟಿಕೊಂಡೇ ಇರುತ್ತದೆ. ರೆಕಾರ್ಡರಿನ ಒಳ್ಳೆಯ ಧ್ವನಿಯನ್ನು ಅದಕ್ಕೆ ಹೊಂದಿಸಿದರೆ ಚಿತ್ರಕ್ಕೂ ಹೊಂದಿದಂತೆಯೇ.

ಕಂಬಿಯಿರುವ ಬಟ್ಟೆಯ ಎರಡು ತುಂಡನ್ನು ದರ್ಜಿ ಹೇಗೆ ಕೂಡಿಸುತ್ತಾನೆ? ಒಂದರ ಮೇಲೊಂದು ಇಟ್ಟು, ಅತ್ತಿತ್ತ ಸರಿಸಿ, ಕಂಬಿಗೆ ಕಂಬಿ ಕೂತಾಗ ಹೊಲಿಯುತ್ತಾನೆ. ಕಂಪ್ಯೂಟರ್ ಅದನ್ನೇ ಗುಣಾಕಾರದಿಂದ ಮಾಡುತ್ತದೆ. ಧ್ವನಿಯ ಅಲೆ ಕಂಪ್ಯೂಟರಿಗೆ ಏರಿಳಿಯುವ ಸಂಖ್ಯೆಗಳ ಸಾಲು. 3, -2, 5 ಎಂಬ ಸಾಲನ್ನು ಅಂಥದೇ ಸಾಲಿನ ಮೇಲೆ ಸರಿಯಾಗಿ ಇಟ್ಟು, ಮೇಲಿನದನ್ನು ಕೆಳಗಿನದರಿಂದ ಗುಣಿಸಿ ಕೂಡಿ: 9+4+25, ಅಂದರೆ 38. ಒಂದು ಮನೆ ಸರಿಸಿ ಇಡಿ: 3 ಮತ್ತು -2, -2 ಮತ್ತು 5 ಎದುರುಬದುರಾಗಿ ಮೊತ್ತ -16ಕ್ಕೆ ಇಳಿಯುತ್ತದೆ. ಸರಿಯಾಗಿ ಕೂತ ಜಾಗದಲ್ಲಿ ಮೊತ್ತ ಎಲ್ಲಕ್ಕಿಂತ ಹೆಚ್ಚು. ಹೀಗೆ ಸಾವಿರಾರು ಜಾಗಗಳಲ್ಲಿ ಸರಿಸಿ ನೋಡಿ ಅತಿ ಎತ್ತರದ ಮೊತ್ತ ಸಿಕ್ಕಲ್ಲಿ ಕಂಪ್ಯೂಟರ್ ನಿಲ್ಲುತ್ತದೆ.

ಈ ವಿಧಾನ ಎಲ್ಲಿ ಸೋಲುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಒಂದೇ ತಾಳದ ಭಜನೆ, ಒಂದೇ ಸಮನೆ ಬಾರಿಸುವ ಡೊಳ್ಳು ಇದ್ದರೆ ಪ್ರತಿ ಆವರ್ತದಲ್ಲೂ ಅಲೆಗಳು ಸುಮಾರಾಗಿ ಹೊಂದುತ್ತವೆ. ತಂತ್ರಾಂಶ ಒಂದು ಆವರ್ತ ಹಿಂದೆಯೋ ಮುಂದೆಯೋ ಕೂತುಬಿಡಬಹುದು. ಮೊಬೈಲ್ ಮೈಕಿನಲ್ಲಿ ಗಾಳಿಯ ಸದ್ದೇ ತುಂಬಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಇದಕ್ಕೇ, ತಾನೇ ಸಿಂಕ್ ಮಾಡುವ ತಂತ್ರಾಂಶ ಇದ್ದರೂ ಒಂದು ಚಪ್ಪಾಳೆ ಇರಲಿ ಎನ್ನುವುದು.

ಶುರು ಹೊಂದಿತು, ಕೊನೆ ಏಕೆ ಹೊಂದಲಿಲ್ಲ?

ಮನೆಯಲ್ಲಿ ಎರಡು ಗೋಡೆ ಗಡಿಯಾರ ಇದ್ದರೆ ಇಂದು ಎರಡಕ್ಕೂ ಒಂದೇ ಸಮಯ ಇಡಿ. ತಿಂಗಳು ಬಿಟ್ಟು ನೋಡಿ, ಕೆಲವು ಸೆಕೆಂಡ್ ವ್ಯತ್ಯಾಸ ಇದ್ದೇ ಇರುತ್ತದೆ. ಮೊಬೈಲಿಗೂ ರೆಕಾರ್ಡರಿಗೂ ತಮ್ಮತಮ್ಮದೇ ಹರಳಿನ ಗಡಿಯಾರವಿದೆ. ಯಾವ ಎರಡು ಹರಳೂ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಬಿಸಿಲಿಗೆ, ಚಳಿಗೆ ಆ ವೇಗ ಚೂರು ಬದಲಾಗುತ್ತದೆ ಕೂಡ.

ವಿಡಿಯೊಗೆ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಮಾದರಿಗಳಂತೆ ಹಿಡಿಯುತ್ತಾರೆ. ರೆಕಾರ್ಡರಿನ ಗಡಿಯಾರ ಚೂರು ಅವಸರದ್ದಾಗಿದ್ದು, ಮೊಬೈಲಿನ ಲೆಕ್ಕದ ಒಂದು ಸೆಕೆಂಡಿನಲ್ಲಿ 48,004 ಮಾದರಿ ಹಿಡಿಯಿತು ಎನ್ನಿ. ಫೈಲಿನ ಮೇಲೆ ಮಾತ್ರ ‘48,000’ ಎಂದೇ ಬರೆದಿರುತ್ತದೆ. ಎಡಿಟಿಂಗ್ ತಂತ್ರಾಂಶ ಆ ಬರಹವನ್ನು ನಂಬಿ ಸೆಕೆಂಡಿಗೆ 48,000ದಂತೆ ಬಿಡಿಸುತ್ತದೆ. ಪ್ರತಿ ಸೆಕೆಂಡಿಗೆ 4 ಮಾದರಿ ಬಾಕಿ ಉಳಿಯುತ್ತದೆ. 70 ನಿಮಿಷಕ್ಕೆ 4,200 ಸೆಕೆಂಡ್, ಅಂದರೆ 16,800 ಮಾದರಿ ಬಾಕಿ. 48,000ದಿಂದ ಭಾಗಿಸಿದರೆ 0.35 ಸೆಕೆಂಡ್! ದೊಡ್ಡಮ್ಮನ ತುಟಿ ಮುಚ್ಚಿದ ಮೇಲೂ ಹಾಡು ಕೇಳಿದ್ದು ಇದೇ ಬಾಕಿಯಿಂದ. ತಿಂಗಳ ಬಾಡಿಗೆಯಲ್ಲಿ ಒಂದೊಂದು ರೂಪಾಯಿ ಉಳಿಸಿಕೊಂಡು ವರ್ಷದ ಕೊನೆಗೆ ಜಗಳವಾದಂತೆ.

ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ನೆನಪಿಡಲು ಒಂದು ಸುಲಭ ಲೆಕ್ಕ: ಹತ್ತು ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸ ಗಂಟೆಗೆ 3.6 ಮಿಲಿಸೆಕೆಂಡ್ ಆಗುತ್ತದೆ. ಐದು ನಿಮಿಷದ ಅಡುಗೆ ವಿಡಿಯೊದಲ್ಲಿ ಇದು ಕಾಣುವುದೇ ಇಲ್ಲ. ಒಂದೂವರೆ ಗಂಟೆಯ ಉಪನ್ಯಾಸ, ರಾತ್ರಿಯ ಬಯಲಾಟದಲ್ಲಿ ಕಂಡೇ ಕಾಣುತ್ತದೆ. ಸಿನಿಮಾದಲ್ಲಿ ಈ ತೊಂದರೆ ಕಡಿಮೆ ಏಕೆಂದರೆ ಒಂದೊಂದು ಶಾಟ್ ಕೆಲವೇ ನಿಮಿಷದ್ದು, ಪ್ರತಿ ಶಾಟಿಗೂ ಹೊಸ ಕ್ಲಾಪ್. ವೃತ್ತಿಪರರು ಟೈಮ್‌ಕೋಡ್ ಎಂಬ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್‌ಗಳ ಮುದ್ರೆಯನ್ನು ಎರಡೂ ಯಂತ್ರಕ್ಕೆ ಒಂದೇ ಮೂಲದಿಂದ ಕೊಡುತ್ತಾರೆ. ಆದರೆ ಟೈಮ್‌ಕೋಡ್ ಬರೀ ವಿಳಾಸ. ಯಂತ್ರಗಳ ವೇಗವನ್ನು ಅದೊಂದೇ ಸರಿಪಡಿಸುವುದಿಲ್ಲ.

ಸರಿಪಡಿಸುವುದು ಹೇಗೆ? ಧ್ವನಿಯನ್ನು 0.35 ಸೆಕೆಂಡಿನಷ್ಟು ಗಿಡ್ಡ ಮಾಡಬೇಕು, ಅಂದರೆ ವೇಗ 100.008% ಆಗಬೇಕು. ಇಲ್ಲಿ ಒಂದು ಹೊಂಡವಿದೆ. ವೇಗದ ಅಂಕಣದಲ್ಲಿ ದಶಮಾಂಶದ ನಂತರ ಎರಡೇ ಅಂಕಿ ಹಾಕಲು ಬಿಡುವ ತಂತ್ರಾಂಶವಾದರೆ 100.01% ಎಂದು ಹಾಕಬೇಕಾಗುತ್ತದೆ. ಆಗ 70 ನಿಮಿಷಕ್ಕೆ 0.42 ಸೆಕೆಂಡ್ ಕಡಿತವಾಗಿ, ಹಿಂದಿದ್ದ ಧ್ವನಿ ಕೊನೆಯಲ್ಲಿ 70 ಮಿಲಿಸೆಕೆಂಡ್ ಮುಂದಾಗುತ್ತದೆ. ಮುಂದಾಗುವುದನ್ನು ಮಿದುಳು ಬೇಗ ಹಿಡಿಯುತ್ತದೆ ಎಂದು ಆಗಲೇ ನೋಡಿದೆವು. ಮೂರನೇ ಅಂಕಿ ಹಾಕಲು ಆಗುವ ತಂತ್ರಾಂಶ ಸಿಕ್ಕರೆ ಸರಿ. ಇಲ್ಲವಾದರೆ ಹಾಡು ಹಾಡಿನ ನಡುವಿನ ಮೌನದಲ್ಲಿ ಧ್ವನಿಯನ್ನು ಕತ್ತರಿಸಿ, ಪ್ರತಿ ತುಂಡನ್ನೂ ಬೇರೆಯಾಗಿ ಹೊಂದಿಸುವುದು ಒಳ್ಳೆಯದು. ನಿಮಿಷಕ್ಕೆ 5 ಮಿಲಿಸೆಕೆಂಡ್ ಜಾರುವ ಧ್ವನಿ ಆರು ನಿಮಿಷದ ಹಾಡಿನಲ್ಲಿ 30 ಮಿಲಿಸೆಕೆಂಡ್ ಮಾತ್ರ ಜಾರುತ್ತದೆ. ಅಷ್ಟು ಯಾರಿಗೂ ಗೊತ್ತಾಗದು. ವೇಗ ಬದಲಿಸಿದರೆ ಶ್ರುತಿ ಕೆಡುತ್ತದೆಯೇ ಎಂಬ ಭಯವೂ ಬೇಡ. ಸಂಗೀತದ ಅರ್ಧ ಸ್ವರ ಏರಲು ಸುಮಾರು 6% ವೇಗ ಬೇಕು, ಇಲ್ಲಿರುವುದು 0.008%.

ಮೊಬೈಲಿನ ಇನ್ನೊಂದು ತಕರಾರು

ಡ್ರಿಫ್ಟ್ ಒಂದೇ ಸಮನೆ ಬೆಳೆಯುತ್ತದೆ. ಕೆಲವೊಮ್ಮೆ ವ್ಯತ್ಯಾಸ ಒಮ್ಮೆ ಹೆಚ್ಚಿ, ಒಮ್ಮೆ ತಗ್ಗಿ ಆಟ ಆಡಿಸುತ್ತದೆ. ಆಗ ಶಂಕಿಸಬೇಕಾದ್ದು ಬದಲಾಗುವ ಫ್ರೇಮ್ ದರವನ್ನು. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಹಲವು ಮೊಬೈಲ್‌ಗಳು ಸೆಕೆಂಡಿಗೆ 30ರ ಬದಲು ಕಡಿಮೆ ಫ್ರೇಮ್ ಹಿಡಿಯುತ್ತವೆ. ಪ್ರತಿ ಫ್ರೇಮಿನ ಸಮಯವೂ ಫೈಲಿನಲ್ಲಿ ಬರೆದಿರುವುದರಿಂದ ಮೊಬೈಲಿನಲ್ಲಿ ನೋಡುವಾಗ ಎಲ್ಲ ಸರಿ. ಆದರೆ ಎಲ್ಲ ಫ್ರೇಮಿಗೂ ಒಂದೇ ಅಂತರ ಎಂದು ಲೆಕ್ಕ ಹಾಕುವ ತಂತ್ರಾಂಶಕ್ಕೆ ಕೊಟ್ಟರೆ ಚಿತ್ರ ಎಲ್ಲೆಲ್ಲೋ ಜಾರುತ್ತದೆ.

ಪತ್ತೆ ಹಚ್ಚುವುದು ಸುಲಭ. ಮೊಬೈಲಿನ ಸ್ವಂತ ಧ್ವನಿಯೇ ಎಡಿಟಿಂಗ್ ತಂತ್ರಾಂಶದಲ್ಲಿ ಚಿತ್ರಕ್ಕೆ ಹೊಂದುತ್ತಿಲ್ಲವಾದರೆ ತಪ್ಪು ರೆಕಾರ್ಡರಿನದಲ್ಲ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ವಿಡಿಯೊವನ್ನು ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಂಡು ಆಮೇಲೆ ಸಂಕಲನಕ್ಕೆ ಕೂರಬೇಕು.

ಕೆಲವು ತಪ್ಪು ನಂಬಿಕೆಗಳು

“ತಂತ್ರಾಂಶ ಹೊಂದಿಸಿದ ಮೇಲೆ ಅದು ಪಕ್ಕಾ.” ತಂತ್ರಾಂಶ ಹೊಂದಿಸುವುದು ಧ್ವನಿಗೆ ಧ್ವನಿಯನ್ನು. ರಂಗದಿಂದ 30 ಮೀಟರ್ ದೂರದ ಕ್ಯಾಮೆರಾಕ್ಕೆ ಸದ್ದು ತಲುಪುವುದೇ 87 ಮಿಲಿಸೆಕೆಂಡ್ ತಡವಾಗಿ. ಕಲಾವಿದರ ಬಳಿಯ ಮೈಕಿನ ಧ್ವನಿಯನ್ನು ಅದಕ್ಕೆ ಹೊಂದಿಸಿದರೆ ಆ ತಡವೂ ಬಳುವಳಿಯಾಗಿ ಬರುತ್ತದೆ. ದೂರದ ನೋಟಕ್ಕೆ ಪರವಾಗಿಲ್ಲ. ಜೂಮ್ ಮಾಡಿ ಮುಖವನ್ನೇ ತೋರಿಸಿದರೆ ಧ್ವನಿಯನ್ನು ಎರಡು ಮೂರು ಫ್ರೇಮ್ ಮುಂದೆ ತರಬೇಕಾದೀತು.

“ಎರಡೂ ಧ್ವನಿ ಇಟ್ಟರೆ ಇನ್ನೂ ಗಟ್ಟಿಯಾಗಿ ಕೇಳುತ್ತದೆ.” ಇಲ್ಲ. ಕೆಲವೇ ಮಿಲಿಸೆಕೆಂಡ್ ವ್ಯತ್ಯಾಸದ ಎರಡು ಧ್ವನಿ ಕೂಡಿದರೆ ಕೆಲವು ಕಂಪನಗಳು ಒಂದನ್ನೊಂದು ಅಳಿಸಿ, ಡಬ್ಬದೊಳಗಿಂದ ಮಾತಾಡಿದಂತೆ ಕೇಳುತ್ತದೆ. ವ್ಯತ್ಯಾಸ ಇನ್ನೂ ಹೆಚ್ಚಿದರೆ ಪ್ರತಿಧ್ವನಿ. ಹೊಂದಿಸಿದ ಮೇಲೆ ಮೊಬೈಲಿನ ಧ್ವನಿಯನ್ನು ಮ್ಯೂಟ್ ಮಾಡಿ.

“ನನ್ನ ಕಿವಿಯೇ ಸಾಕ್ಷಿ.” ಕಿವಿಯಲ್ಲಿ ಬ್ಲೂಟೂತ್ ಇಯರ್‌ಬಡ್ ಇದ್ದರೆ ಸಾಕ್ಷಿ ಸುಳ್ಳು ಹೇಳಬಹುದು. ಧ್ವನಿಯನ್ನು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ನೂರಾರು ಮಿಲಿಸೆಕೆಂಡ್ ತಡವಾಗಬಹುದು. ವಿಡಿಯೊ ಆ್ಯಪ್‌ಗಳು ಅಷ್ಟೇ ಹೊತ್ತು ಚಿತ್ರವನ್ನೂ ತಡೆದು ಸರಿದೂಗಿಸುತ್ತವೆ. ಎಡಿಟಿಂಗ್ ತಂತ್ರಾಂಶ ಹಾಗೆ ಮಾಡಲಿಕ್ಕಿಲ್ಲ. ಸಿಂಕ್ ನೋಡುವಾಗ ತಂತಿಯ ಇಯರ್‌ಫೋನ್ ಬಳಸಿ. ಮನೆಯ ಟಿವಿಯಲ್ಲಿ ಎಲ್ಲ ಚಾನೆಲ್‌ನಲ್ಲೂ ತುಟಿ ಹೊಂದದಿದ್ದರೆ ಅದು ಚಾನೆಲ್ಲಿನ ತಪ್ಪಲ್ಲ. ಟಿವಿ ಚಿತ್ರವನ್ನು ಚಂದ ಮಾಡಲು ಸಮಯ ತೆಗೆದುಕೊಳ್ಳುತ್ತಿರುತ್ತದೆ, ಹೊರಗಿನ ಸ್ಪೀಕರಿಗೆ ಹೋದ ಧ್ವನಿ ಮೊದಲೇ ಬಂದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆಡಿಯೊ ಡಿಲೇ’ ಅಥವಾ ‘ಲಿಪ್ ಸಿಂಕ್’ ಎಂಬುದನ್ನು ಹುಡುಕಿ.

“ತುಟಿ ಹೊಂದುತ್ತಿಲ್ಲ, ಹಾಗಾಗಿ ವಿಡಿಯೊ ನಕಲಿ.” ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಹೆಚ್ಚು ಕೇಳುವ ಮಾತು ಇದು. ಮೇಲೆ ಹೇಳಿದ ಯಾವ ಕಾರಣದಿಂದಲೂ ಅಸಲಿ ವಿಡಿಯೊದ ತುಟಿ ತಪ್ಪಬಹುದು. ಯಾರೂ ಏನನ್ನೂ ತಿರುಚಿರಬೇಕಿಲ್ಲ. ಇದರ ತಿರುವುಮುರುವೂ ನಿಜ. ಕೃತಕ ಬುದ್ಧಿಮತ್ತೆಯಿಂದ ಮಾಡಿದ ನಕಲಿಯಲ್ಲಿ ತುಟಿ ಅಚ್ಚುಕಟ್ಟಾಗಿ ಹೊಂದಿರಬಹುದು. ಬರೀ ತುಟಿ ನೋಡಿ ಒಬ್ಬರ ಮಾತನ್ನು ಸುಳ್ಳೆನ್ನುವುದೂ ತಪ್ಪು, ನಿಜವೆನ್ನುವುದೂ ತಪ್ಪು. ಮೂಲ ವಿಡಿಯೊ ಎಲ್ಲಿಂದ ಬಂತು ಎಂಬುದನ್ನೇ ಹುಡುಕಬೇಕು.

ಮುಂದಿನ ಬಾರಿ ನೀವು ಮಾಡಬೇಕಾದ್ದು

ಕ್ಯಾಮೆರಾ, ರೆಕಾರ್ಡರ್ ಎರಡನ್ನೂ ಶುರು ಮಾಡಿದ ಮೇಲೆ, ಕೈ ಚೌಕಟ್ಟಿನೊಳಗೆ ಕಾಣುವಂತೆ ಒಂದು ಚಪ್ಪಾಳೆ ಹೊಡೆಯಿರಿ. ಮುಗಿದ ಮೇಲೆ, ಯಾವುದನ್ನೂ ನಿಲ್ಲಿಸುವ ಮೊದಲು, ಇನ್ನೊಂದು ಹೊಡೆಯಿರಿ. ಮೊದಲ ಚಪ್ಪಾಳೆ ಎಲ್ಲಿಂದ ಶುರು ಎಂದು ಹೇಳುತ್ತದೆ, ಎರಡನೆಯದು ಎಷ್ಟು ಜಾರಿದೆ ಎಂದು ಅಳೆದು ಕೊಡುತ್ತದೆ. ನಡುವೆ ಕ್ಯಾಮೆರಾ ನಿಂತು ಮತ್ತೆ ಶುರುವಾದರೆ ಮತ್ತೊಂದು. ರೆಕಾರ್ಡರನ್ನು 48 ಕಿಲೋಹರ್ಟ್ಸ್‌ಗೆ ಇಡಿ. ಮೊಬೈಲ್ ಮೈಕನ್ನು ಬಂದ್ ಮಾಡಬೇಡಿ. ಕೂಡಿಸಿದ ಮೇಲೆ ಶುರು, ನಡು, ಕೊನೆ ಮೂರೂ ಕಡೆ ನೋಡಿ. ಮೂಲ ಫೈಲುಗಳನ್ನು ಮಾತ್ರ ಅಳಿಸಲೇಬೇಡಿ, ಇಂದು ಹೊಂದದ್ದು ನಾಳೆ ಹೊಂದೀತು.

ದೊಡ್ಡಮ್ಮನ ವಿಡಿಯೊಗೆ ಕೊನೆಯ ಚಪ್ಪಾಳೆ ಇರಲಿಲ್ಲ. ಕೊನೆಯ ಪದದಲ್ಲಿ ಅವರು ತವರಿನ ಅಪ್ಪನನ್ನೂ ಅಮ್ಮನನ್ನೂ ನೆನೆಯುತ್ತಿದ್ದರು. ಎರಡೂ ‘ಪ’ವರ್ಗದ ಪದಗಳೇ! ಅವರ ತುಟಿ ಕೂಡಿದ ಫ್ರೇಮುಗಳನ್ನು ಒಂದೊಂದಾಗಿ ಹುಡುಕಿ ಅಳೆದಾಗ ಸಿಕ್ಕಿದ್ದು 0.35 ಸೆಕೆಂಡ್. ಹಾಡಿಗೊಂದು ತುಂಡಿನಂತೆ ಕತ್ತರಿಸಿ ಹನ್ನೊಂದು ತುಂಡುಗಳನ್ನು ಹೊಂದಿಸಲು ಒಂದು ಸಂಜೆ ಹಿಡಿಯಿತು. ಮಾರನೆಯ ದಿನ ಅವರ ಮಗಳಿಗೆ ತೋರಿಸಿದೆ. ಅವರು ಸಿಂಕ್ ಬಗ್ಗೆ ಏನೂ ಹೇಳಲಿಲ್ಲ, ಅಮ್ಮನ ಜೊತೆ ತಾವೂ ಮೆಲ್ಲಗೆ ಪದ ಹೇಳಿಕೊಳ್ಳತೊಡಗಿದರು. ಸಿಂಕ್ ಸರಿಯಾಗಿದೆ ಎನ್ನಲು ಇಷ್ಟು ಸಾಕು.